ನಮ್ಮ ಯಂತ್ರದಲ್ಲಿದ್ದದ್ದು ಯಾವ ವಿಂಡೋಸ್

ಬೆಟ್ಟದಪುರ
9 ಸೆಪ್ಟೆಂಬರ್ 2003

ಕಾಂತಣ್ಣ,

‘ನಾವೆಲ್ಲ ಕ್ಷೇಮ’ ಎಂದು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುವ ಹೆಂಗಸರ ಊರಿನಿಂದ ಆ ಮಾತು ಬರೆಯಲು ಕೈ ಏಳುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಹೇಳಿಕೆಗಳ ಕೆಲಸ ಮುಗಿಯಿತು. ಅರವತ್ತೊಂದು ಹೆಂಗಸರು. ಹಸಿ ಸೊಪ್ಪು ಕಡ್ಡಿಗೆ ಕಟ್ಟುವಾಗಿನ ವಾಂತಿ, ತಲೆಸುತ್ತು, ಬ್ಯಾರನ್ನಿನ ಬಿಸಿಗೆ ನಿಂತುಹೋದ ಉಸಿರು, ಬಿದ್ದುಹೋದ ಬಸಿರು, ಎಲ್ಲವನ್ನೂ ಅವರ ಮಾತಿನಲ್ಲೇ ಬರೆದಿದ್ದೇನೆ. ಒಂದು ವರ್ಷ ಹಿಡಿಯಿತು. ಕೂಲಿಯವರ ಆರೋಗ್ಯದ ಅಹವಾಲು ಕೇಳಲು ಅಕ್ಟೋಬರ್ ಹದಿನಾರಕ್ಕೆ ಹುಣಸೂರಿಗೆ ಸಮಿತಿ ಬರುತ್ತದೆ. ಅಚ್ಚಾದ ಹೇಳಿಕೆ, ಮೂರು ಪ್ರತಿ ಬೇಕು ಎಂದಿದ್ದಾರೆ. ಇದು ತಪ್ಪಿದರೆ ಇನ್ನು ಯಾವ ಸಮಿತಿಯೂ ಈ ಕಡೆ ತಲೆ ಹಾಕುವುದಿಲ್ಲ.

ಈ ಹೇಳಿಕೆಗಳು ಇರುವುದು ಒಂದೇ ಕಡೆ. ಪುಟ್ಟಮಾದಮ್ಮ ಗೊತ್ತಲ್ಲ, ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ಅವಳೇ. ಅದೂ ಒಂದು ಷರತ್ತಿನ ಮೇಲೆ. “ಬರ್ಕೋ ಮಗಾ. ಆದ್ರೆ ಬರ್ದಿದ್ ಕಾಗ್ದ ಊರಲ್ ಉಳೀಬಾರ್ದು ಕಣವ್ವ. ಯಾರ್ ಕೈಗಾರಾ ಸಿಕ್ಕುದ್ರೆ ನಾಳಿಂದ ನಂಗೆ ಕೂಲಿ ಇಲ್ಲ” ಎಂದಳು. ಉಳಿದವರೂ ಅದನ್ನೇ ಕೇಳಿದರು. ಹಾಗಾಗಿ ಒಬ್ಬೊಬ್ಬರದೂ ಕಂಪ್ಯೂಟರಿಗೆ ಏರಿಸಿದ ಮೇಲೆ ನೋಟ್‌ಬುಕ್ಕಿನ ಹಾಳೆ ಕಿತ್ತು, ಅವರವರ ಒಲೆಗೇ, ಅವರ ಕಣ್ಣೆದುರೇ ಹಾಕಿದ್ದೇನೆ. ಹೆಸರಿಲ್ಲ, ನಂಬರು ಮಾತ್ರ. ಯಂತ್ರ ಊರಿನ ಗಡಿ ದಾಟಿಸುವುದಿಲ್ಲ ಎಂದೂ ಮಾತು ಕೊಟ್ಟಿದ್ದೇನೆ.

ಯಂತ್ರ ಇರುವುದು ಡೈರಿ ಹಿಂದಿನ ಮಹಿಳಾ ಸಂಘದ ಕೋಣೆಯಲ್ಲಿ. ಮೈಸೂರಿನ ಒಂದು ಆಫೀಸಿನವರು ಹಳೆಯದಾಯಿತೆಂದು ಕೊಟ್ಟದ್ದು. ಒಂದೇ ಜೀಪಿನಲ್ಲಿ ಎರಡು ಬಂದವು: ಒಂದು ನಮಗೆ, ಇನ್ನೊಂದು ಕೊಪ್ಪದಲ್ಲಿ ಟ್ಯೂಷನ್ ಹೇಳುವ ಕೇರಳದ ಟೀಚರಮ್ಮನಿಗೆ. ಫ್ಲಾಪಿ ಹಾಕುವ ಕಿಂಡಿ ಕೆಟ್ಟಿದೆ. ಸಿ.ಡಿ. ತಟ್ಟೆ ಸರಿಯಿದೆ. ಜೊತೆಗೆ ಕೊಟ್ಟ ಪ್ರಿಂಟರ್ ಮಾತ್ರ ಒಂದು ಅಕ್ಷರವನ್ನೂ ಒತ್ತುವುದಿಲ್ಲ. ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ಯಾವುದೋ ಡಿಸ್ಕ್ ಕೊಡು ಎಂದು ಕೇಳುತ್ತದೆ.

ನೀನು ಎಚ್.ಡಿ. ಕೋಟೆಯಲ್ಲಿ ನೂರಾರು ಜನಕ್ಕೆ ಕಂಪ್ಯೂಟರ್ ಕಲಿಸುವವನು. ದೊಡ್ಡಮ್ಮ ನಲ್ಲಿ ಹತ್ತಿರ ಇದನ್ನು ಹೇಳದ ದಿನವಿಲ್ಲ. ಏನು ಮಾಡಬೇಕು ಬರೆ. ಫೋನ್ ಮಾಡಲಾರೆ. ಬೂತ್ ಇರುವುದು ಷಣ್ಮುಖಪ್ಪನವರ ಅಂಗಡಿಯಲ್ಲಿ. ಆರು ಬ್ಯಾರನ್ನುಗಳ ಯಜಮಾನ. ನಾವು ಮಾತಾಡುವಾಗ ಮೀಟರ್ ನೋಡುವ ನೆಪದಲ್ಲಿ ಪಕ್ಕದಲ್ಲೇ ನಿಂತಿರುತ್ತಾರೆ.

ಮಧುಶ್ರೀ


ಎಚ್.ಡಿ. ಕೋಟೆ
14 ಸೆಪ್ಟೆಂಬರ್ 2003

ಪ್ರೀತಿಯ ಮಧುಗೆ,

ನೀನು ಕ್ಷೇಮ ಕೇಳದಿದ್ದರೂ ನಾನು ಕ್ಷೇಮ. ನಿನಗೆ ಮೊದಲ ಕರಪತ್ರ ತಂದುಕೊಟ್ಟವನು ನಾನೇ. ಈಗ ನಿನ್ನ ಕಾಗದ ಓದಿದರೆ ಬೆಂಕಿ ನನ್ನ ಕೈಯಲ್ಲೇ ಹೊತ್ತಿತಲ್ಲ ಎಂದು ಹೆದರಿಕೆಯಾಗುತ್ತದೆ, ಹೆಮ್ಮೆಯೂ ಆಗುತ್ತದೆ.

ಕೇಳು. ಪ್ರಿಂಟರಿನ ಜೊತೆ ಮಾತಾಡಲು ಕಂಪ್ಯೂಟರಿಗೆ ಡ್ರೈವರ್ ಅಂತ ಒಂದು ಬೇಕು. ಯಂತ್ರ ಕೇಳುತ್ತಿರುವುದು ಅದನ್ನೇ. ನಮ್ಮ ಸೆಂಟರಿನಲ್ಲಿ ಅಂಥ ಸಿ.ಡಿ.ಗಳು ಡಬ್ಬಿಗಟ್ಟಲೆ ಇವೆ. ಆದರೆ ನಿಮ್ಮ ಯಂತ್ರದೊಳಗೆ ಯಾವ ವಿಂಡೋಸ್ ಇದೆ ಎಂದು ಮೊದಲು ಗೊತ್ತಾಗಬೇಕು. ಅದನ್ನು ನಡೆಸುವ ಮೂಲ ವ್ಯವಸ್ಥೆ ಅದು. 95 ಇದೆ, 98 ಇದೆ, ಅದಕ್ಕಿಂತ ಹೊಸವೂ ಇವೆ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಪೆಟ್ಟಿಗೆಯ ಮುಂದೆ ಚೀಟಿ ಅಂಟಿಸಿರುತ್ತಾರೆ. ಇಲ್ಲವೇ ಸ್ವಿಚ್ ಹಾಕಿದ ಕೂಡಲೇ ಮೋಡದ ಚಿತ್ರದ ಜೊತೆ ಹೆಸರು ಬರುತ್ತದೆ. ನೋಡಿ ಬರೆ.

ಇನ್ನೊಂದು ಮಾತು. ಪರದೆ ನೋಡಿಕೊಂಡು ಕೈಯಲ್ಲೇ ಬರೆದು ಇಟ್ಟುಕೊಳ್ಳಬಾರದೇ? ಅಥವಾ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಹುಣಸೂರಿಗೆ ಒಯ್ದರೆ ಅಲ್ಲಿ ರಿಪೇರಿಯವರು ಇದ್ದಾರೆ. ನನಗೆ ಬರಲು ರಜೆ ಸಿಗುವುದಿಲ್ಲ.

ಅವ್ವ ನಲ್ಲಿ ಹತ್ತಿರ ನನ್ನ ವಿಷಯ ಹೇಳುವುದನ್ನು ಸ್ವಲ್ಪ ಕಡಿಮೆ ಮಾಡಲಿ.

ನಿನ್ನ ಅಣ್ಣ,
ಕಾಂತರಾಜು


ಬೆಟ್ಟದಪುರ
18 ಸೆಪ್ಟೆಂಬರ್ 2003

ಕಾಂತಣ್ಣ,

ಚೀಟಿ ಇತ್ತು. ಈಗ ಇಲ್ಲ. ಯಂತ್ರ ಬಂದ ವಾರವೇ ಅದನ್ನು ಕೆರೆದು ತೆಗೆದು, ಅದರ ಜಾಗದಲ್ಲಿ ‘ದುಡಿಯುವ ಹೆಂಗಸರ ಸೊತ್ತು’ ಎಂದು ಬರೆದು ಅಂಟಿಸಿದ್ದೇನೆ. ನಮ್ಮ ಹೆಂಗಸರ ನೋವು ಬರೆಯುವ ಯಂತ್ರದ ಹಣೆಯ ಮೇಲೆ ಪರದೇಶಿ ಕಂಪನಿಯ ಹೆಸರು ಏಕೆ? ಸ್ವಿಚ್ ಹಾಕಿದಾಗ ಬರುತ್ತಿದ್ದ ಮೋಡವೂ ಈಗ ಬರುವುದಿಲ್ಲ. ಜೀಪಿನಲ್ಲಿ ಬಂದವರ ಹತ್ತಿರ ಹಟ ಹಿಡಿದು ಅದನ್ನು ತೆಗೆಸಿ ನಮ್ಮ ಸಂಘದ ಗುರುತು, ಕುಡುಗೋಲು ಹಿಡಿದ ಕೈ, ಹಾಕಿಸಿದ್ದೇನೆ. ಅವತ್ತು ಹೆಂಗಸರೆಲ್ಲ ಚಪ್ಪಾಳೆ ತಟ್ಟಿದ್ದರು.

ಇಷ್ಟಾದರೂ ನೀನು ಕೇಳಿದ್ದನ್ನು ಹುಡುಕಿದೆ. ಟೈಪ್ ಮಾಡುವ ಜಾಗದಲ್ಲಿ, ಸಹಾಯ ಎಂಬರ್ಥದ ಪಟ್ಟಿಯ ಕೊನೆಯ ಸಾಲು ಒತ್ತಿದರೆ ಒಂದು ಅಂಕಿ ಬರುತ್ತದೆ. 97. ನಮ್ಮದು ವಿಂಡೋಸ್ 97.

ಕೈಬರಹ ಆಗುವುದಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಪತ್ರಿಕೆ ಬರೆಯುವವಳು ನಾನು. ನನ್ನ ಅಕ್ಷರ ಊರಿನ ಎಮ್ಮೆಗಳಿಗೂ ಗೊತ್ತು. ಹಾಳೆಗಳನ್ನು ನೋಡಿದ ಕೂಡಲೇ ಯಾರ ಮನೆಗೆ ನಾನು ಎಷ್ಟು ಸಲ ಹೋದೆ ಎಂದು ಷಣ್ಮುಖಪ್ಪನವರು ಲೆಕ್ಕ ಹಾಕುತ್ತಾರೆ. ಅಚ್ಚಿನ ಅಕ್ಷರಕ್ಕೆ ಮುಖವಿಲ್ಲ. ಅದಕ್ಕಾಗಿಯೇ ಇಷ್ಟೆಲ್ಲ. ಹುಣಸೂರಿಗೆ ಒಯ್ಯುವ ಮಾತನ್ನು ಮತ್ತೆ ಬರೆಯಬೇಡ. ಕೊಟ್ಟ ಮಾತು ಅನುಕೂಲ ನೋಡಿಕೊಂಡು ಮುರಿಯುವುದಾದರೆ ನಮಗೂ ಬ್ಯಾರನ್ ಯಜಮಾನರಿಗೂ ಏನು ವ್ಯತ್ಯಾಸ? ಇದನ್ನು ನೀನೇ ನನಗೆ ಕಲಿಸಿದ್ದು.

97ರ ಸಿ.ಡಿ. ಕಳಿಸು. ಇನ್ನು ಇಪ್ಪತ್ತೆಂಟು ದಿನ.

ಮಧುಶ್ರೀ


ಬೆಟ್ಟದಪುರ
26 ಸೆಪ್ಟೆಂಬರ್ 2003

ಕಾಂತಣ್ಣ,

ಎಂಟು ದಿನವಾಯಿತು. ನೀನು ಒಂದು ಅಂಕಿ ಕೇಳಿದೆ, ನಾನು ಕೊಟ್ಟೆ. ಒಂದು ಸಿ.ಡಿ. ಕಳಿಸಲು ಇಷ್ಟು ದಿನ ಬೇಕೇ? ನಿಮ್ಮ ಸೆಂಟರಿನವರು ಏನಾದರೂ ಹೆದರಿಸಿದರೇ? ಹೆದರಿದ್ದರೆ ಹೆದರಿದ್ದೇನೆ ಎಂದೇ ಬರೆ. ಅದಕ್ಕೆ ನಾನು ನಿನ್ನನ್ನು ಕೀಳಾಗಿ ಕಾಣುವುದಿಲ್ಲ. ಸುಮ್ಮನಿರುವುದಕ್ಕೆ ಕಾಣುತ್ತೇನೆ.

ಇನ್ನು ಮೇಲೆ ಅಂಚೆ ಬೇಡ. ಹುಣಸೂರು ಬಸ್ಸಿನ ಕಂಡಕ್ಟರ್ ಚಿಕ್ಕಬಸಪ್ಪನವರ ಕೈಯಲ್ಲಿ ಕೊಟ್ಟರೆ ಅವರು ಕೋಟೆ ಬಸ್ಸಿನವರಿಗೆ ದಾಟಿಸುತ್ತಾರೆ. “ಲವ್ ಲೆಟರ್ರೇನವ್ವ?” ಎಂದು ಕೇಳಿದರು. “ಅಣ್ಣನಿಗೆ” ಎಂದೆ. “ಅಂಗಾರೆ ಅರ್ಜೆಂಟಿಲ್ಲ ಬುಡು” ಎಂದು ಜೇಬಿಗೆ ಹಾಕಿಕೊಂಡರು.

ಮಧುಶ್ರೀ


ಎಚ್.ಡಿ. ಕೋಟೆ
2 ಅಕ್ಟೋಬರ್ 2003

ಮಧು,

ಸೆಂಟರ್ ನಡೆಸುವ ನಮ್ಮ ಸರ್ ಊರಿಗೆ ಹೋಗಿದ್ದರು, ನಿನ್ನೆ ಬಂದರು. ಅವರನ್ನು ಕೇಳದೆ ಬರೆಯಲು ಮನಸ್ಸಾಗಲಿಲ್ಲ. ತಡವಾಯಿತು, ಬೈದುಕೋ.

ವಿಂಡೋಸ್ 97 ಎಂಬುದು ಇಲ್ಲವಂತೆ. ಕ್ಲಾಸಿನಲ್ಲಿ ಕೇಳಿದೆ, ಎಲ್ಲರೂ ನಕ್ಕರು. ನಿನ್ನನ್ನು ನೋಡಿ ನಕ್ಕದ್ದಲ್ಲ, ಬೇಸರ ಮಾಡಿಕೊಳ್ಳಬೇಡ. ನೀನು ಓದಿದ್ದು ಟೈಪ್ ಮಾಡುವ ಪ್ರೋಗ್ರಾಮಿನ ಅಂಕಿ. ಅದು ಯಂತ್ರದ್ದಲ್ಲ. ಬಸ್ಸಿನ ನಂಬರ್ ಕೇಳಿದರೆ ಟಿಕೆಟ್ಟಿನ ನಂಬರ್ ಹೇಳಿದ ಹಾಗೆ.

ಸರ್ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಸ್ವಿಚ್ ಹಾಕಿ ಎಲ್ಲ ಚಿತ್ರಗಳು ಬಂದ ಮೇಲೆ ಮೇಲಿನ ಎಡ ಮೂಲೆಯಲ್ಲಿ ಪುಟ್ಟ ಕಂಪ್ಯೂಟರಿನ ಚಿತ್ರವಿರುತ್ತದೆ. ಬಾಣವನ್ನು ಅದರ ಮೇಲೆ ನಿಲ್ಲಿಸು. ಮೌಸಿನ ಎಡಗುಂಡಿಯಲ್ಲ, ಬಲಗುಂಡಿ ಒತ್ತು. ಒಂದು ಪಟ್ಟಿ ಇಳಿಯುತ್ತದೆ. ಅದರ ಕಡೆಯ ಸಾಲನ್ನು ಎಡಗುಂಡಿಯಿಂದ ಒತ್ತು. ಆಗ ತೆರೆಯುವುದರಲ್ಲಿ ವಿಂಡೋಸಿನ ಹೆಸರೂ ಅದರ ಕೆಳಗೆ ಉದ್ದನೆಯ ಅಂಕಿಯೂ ಇರುತ್ತವೆ. ಚುಕ್ಕೆ ಬಿಡದೆ ನಕಲು ಮಾಡಿ ಕಳಿಸು. ಅದು ಬಂದ ದಿನವೇ ಸಿ.ಡಿ. ಕಳಿಸುತ್ತೇನೆ.

ಕಾಂತರಾಜು


ಬೆಟ್ಟದಪುರ
4 ಅಕ್ಟೋಬರ್ 2003, ಶನಿವಾರ

ಕಾಂತಣ್ಣ,

ನಿನ್ನ ಕಾಗದ ಇವತ್ತು ಹನ್ನೊಂದು ಗಂಟೆ ಬಸ್ಸಿಗೆ ಬಂತು. ಬಂದ ದಿನ ನೋಡು. ಆಯುಧಪೂಜೆ.

ಬೆಳಿಗ್ಗೆಯೇ ಹೆಂಗಸರೆಲ್ಲ ಸೇರಿ ಕೋಣೆ ಸಾರಿಸಿ, ಕುಡುಗೋಲು, ಸೊಪ್ಪು ಕಟ್ಟುವ ಕಡ್ಡಿ, ಸಂಘದ ತಕ್ಕಡಿ, ಎಲ್ಲವನ್ನೂ ಯಂತ್ರದ ಮುಂದೆ ಜೋಡಿಸಿದರು. ಪರದೆಗೆ ವಿಭೂತಿ, ಕುಂಕುಮ. ಪ್ರಿಂಟರಿಗೆ ಚೆಂಡುಹೂವಿನ ಹಾರ. ಬಾಗಿಲಲ್ಲಿ ಬೂದುಗುಂಬಳ. ನಾನು ತಡೆಯಲಾರದೆ ಹೇಳಿದೆ, “ಕೆಂಪಾಜಮ್ಮೋರೆ, ಇದು ಯಂತ್ರ, ದೇವರಲ್ಲ.”

ಸಂಘದ ಅಧ್ಯಕ್ಷೆ ಅಲ್ಲವೇ, ತಿರುಗಿಯೂ ನೋಡಲಿಲ್ಲ. “ಗೊತ್ತು ಬುಡವ್ವ. ದ್ಯಾವ್ರಾಗಿದ್ರೆ ಇಷ್ಟೊಂದ್ ಕೇಳಿಸ್ಕತಿತ್ತಾ?” ಎಂದರು. ಎಲ್ಲರೂ ನಕ್ಕರು. ಆಮೇಲೆ ನನ್ನ ಗಲ್ಲ ಹಿಡಿದು, “ಒರ್ಸೆಲ್ಲಾ ನಮ್ ನೋವ ಒತ್ಕಂಡ್ ಕುಂತದೆ. ಇವತ್ತಾದ್ರೂ ಸುಮ್ನಿರ್ಲಿ. ಯಾರೂ ಮುಟ್ಟಂಗಿಲ್ಲ” ಎಂದರು. ಮೂಢನಂಬಿಕೆಯ ಬಗ್ಗೆ ಎಷ್ಟು ಓದಿದ್ದೇನೆ, ಎಷ್ಟು ಬರೆದಿದ್ದೇನೆ. ಆದರೂ ಪ್ರಿಂಟರಿನಿಂದ ಜಾರಿದ ಹಾರವನ್ನು ನಾನೇ ಎತ್ತಿ ಸರಿಮಾಡಿದೆ. ಕೆಂಪಾಜಮ್ಮ ಬೀಗ ಹಾಕಿ, ಕೀಲಿ ಸೆರಗಿಗೆ ಕಟ್ಟಿಕೊಂಡು ಹಬ್ಬಕ್ಕೆಂದು ಕೆ.ಆರ್. ನಗರದ ಮಗಳ ಮನೆಗೆ ಹೊರಟರು. ಬರುವುದು ಮಂಗಳವಾರ.

ಮಂಗಳವಾರದವರೆಗೆ ಕಾದರೆ ನನ್ನ ಕಾಗದ ನಿನಗೆ ಮುಟ್ಟಿ, ಸಿ.ಡಿ. ನನಗೆ ಮುಟ್ಟಿ, ಹದಿನಾರು ಬಂದೇ ಬಿಡುತ್ತದೆ. ಏನೋ ಮಾಡಿದೆ. ನೀನು ಕೇಳಿದ್ದನ್ನು ನೋಡಿದ್ದೇನೆ. ಹೇಗೆಂದು ಕೇಳಬೇಡ.

ವಿಂಡೋಸ್ 98. ಅದರ ಕೆಳಗೆ 4.10.1998. ಚುಕ್ಕೆ ಬಿಟ್ಟಿಲ್ಲ.

ಮಧುಶ್ರೀ


ಎಚ್.ಡಿ. ಕೋಟೆ
8 ಅಕ್ಟೋಬರ್ 2003

ಪ್ರೀತಿಯ ಮಧು,

ಬೀಗ ಹಾಕಿದ ಕೋಣೆಗೆ ಹೇಗೆ ನುಗ್ಗಿದೆ? ಕಿಟಕಿ ಹಾರಿದೆಯಾ, ಹೆಂಚು ತೆಗೆದೆಯಾ? ಚಿಕ್ಕವಳಿದ್ದಾಗ ಸೀಬೆಮರ ಹತ್ತಿ ಇಳಿಯಲಾರದೆ ಅತ್ತವಳು ನೀನು. ನೆನೆಸಿಕೊಂಡು ಒಬ್ಬನೇ ನಕ್ಕೆ.

98 ಎಂದ ಕೂಡಲೇ ಸರ್ ಡಬ್ಬಿಯಿಂದ ತೆಗೆದುಕೊಟ್ಟರು. ನೀಲಿ ಕವರಿನಲ್ಲಿರುವುದು ಪ್ರಿಂಟರಿನ ಸಿ.ಡಿ. ಯಂತ್ರ ಡಿಸ್ಕ್ ಕೇಳಿದಾಗ ಅದನ್ನು ತಟ್ಟೆಯಲ್ಲಿಟ್ಟು ತಳ್ಳು. ತಾನೇ ಹುಡುಕಿಕೊಳ್ಳುತ್ತದೆ.

ಅಕಸ್ಮಾತ್ ಒಪ್ಪದಿದ್ದರೆ ಎಂದು ಬಿಳಿ ಕವರಿನಲ್ಲಿ ಇನ್ನೊಂದು ಇಟ್ಟಿದ್ದೇನೆ. ಅದು ವಿಂಡೋಸ್ 98ರದ್ದೇ ಸಿ.ಡಿ. ತಟ್ಟೆಯಲ್ಲಿಟ್ಟು ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚು. ಕಪ್ಪು ಪರದೆಯಲ್ಲಿ ಏನೇನೋ ಕೇಳುತ್ತದೆ. ಹೆದರಬೇಡ. ಕೇಳಿದ್ದಕ್ಕೆಲ್ಲ ವೈ ಅಕ್ಷರ ಒತ್ತು. ಒಂದು ಕಡೆ ಉದ್ದನೆಯ ನಂಬರ್ ಕೇಳಿದರೆ, ಅದನ್ನು ಕವರಿನ ಮೇಲೆ ಬರೆದಿದ್ದೇನೆ. ಇಲ್ಲಿ ಯಂತ್ರ ಹಟ ಮಾಡಿದಾಗಲೆಲ್ಲ ಇದನ್ನೇ ಮಾಡುತ್ತೇವೆ. ಹೊಸದರ ಹಾಗೆ ಏಳುತ್ತದೆ.

ಹದಿನಾರಕ್ಕೆ ಗೆದ್ದು ಬಾ.

ಕಾಂತರಾಜು


ಬೆಟ್ಟದಪುರ
11 ಅಕ್ಟೋಬರ್ 2003

ಕಾಂತಣ್ಣ,

ಪ್ರಿಂಟರ್ ಒತ್ತಿತು! ಮೊದಲ ಹಾಳೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ, ಮೂಲೆಯಲ್ಲಿ ಬಾವುಟದ ಚಿತ್ರವಿದೆ. ಕಂಪನಿಯದ್ದೇ ಇರಬೇಕು, ಇರಲಿ. ಕೆಂಪಾಜಮ್ಮ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, “ಬಿಸಿ ಐತೆ ಕಣ್ರೇ, ಹೋಳಿಗೆ ಇದ್ದಂಗೆ” ಎಂದು ಎಲ್ಲರಿಗೂ ಮುಟ್ಟಿಸಿದರು.

ನೀಲಿ ಕವರಿನದು ಒಪ್ಪಲಿಲ್ಲ. ಮೂರು ಸಲ ಹಾಕಿದೆ, ಮೂರು ಸಲವೂ ತಪ್ಪು ತಪ್ಪು ಎಂದು ಉಗುಳಿತು. ಹಾಗಾಗಿ ಬಿಳಿ ಕವರಿನದನ್ನು ಹಾಕಿದೆ. ನೀನು ಬರೆದ ಹಾಗೆಯೇ ಕಪ್ಪು ಪರದೆ ಬಂತು. ಒಂದು ಸಾಲು ಬಂದಾಗ ಮಾತ್ರ ಕೈ ತಡೆಯಿತು. ನೀನು ಹೇಳಿಕೊಟ್ಟಂತೆ ಅದನ್ನೂ ನಕಲು ಮಾಡಿದ್ದೇನೆ: ‘ವಾರ್ನಿಂಗ್, ಆಲ್ ಡೇಟಾ ಆನ್ ನಾನ್-ರಿಮೂವಬಲ್ ಡಿಸ್ಕ್ ಡ್ರೈವ್ ಸಿ ವಿಲ್ ಬಿ ಲಾಸ್ಟ್.’ ನನ್ನ ಇಂಗ್ಲಿಷ್ ನಿನಗೆ ಗೊತ್ತು. ಅರ್ಧ ಅರ್ಥವಾಯಿತು. ಅರ್ಥವಾದ ಅರ್ಧಕ್ಕೇ ಎದ್ದು ನಿಂತೆ. ಆದರೆ ನಿನ್ನ ಕಾಗದ ಮೇಜಿನ ಮೇಲೆ ಬಿಚ್ಚಿಕೊಂಡೇ ಇತ್ತು. ಹೆದರಬೇಡ, ಕೇಳಿದ್ದಕ್ಕೆಲ್ಲ ವೈ ಒತ್ತು ಎಂದಿತ್ತು. ಒತ್ತಿದೆ.

ಆಮೇಲೆ ಒಂದು ಗಂಟೆ ತಾನೇ ಕೆಲಸ ಮಾಡಿಕೊಂಡಿತು. ಎದ್ದಾಗ ಹೊಸದರ ಹಾಗೇ ಇತ್ತು. ನೀಲಿ ಕವರಿನದನ್ನು ಮತ್ತೆ ಹಾಕಿದೆ, ಈ ಸಲ ಒಂದೇ ಏಟಿಗೆ ಒಪ್ಪಿತು. ನಮ್ಮ ಕುಡುಗೋಲಿನ ಕೈ ಹೋಗಿ ಮತ್ತೆ ಮೋಡ ಬಂದಿದೆ. ಪರವಾಗಿಲ್ಲ.

ಒಂದೇ ಒಂದು. ಹೇಳಿಕೆಗಳನ್ನು ಇಟ್ಟಿದ್ದ ಹಳದಿ ಚೀಲದ ಚಿತ್ರ ಕಾಣುತ್ತಿಲ್ಲ. ಕನ್ನಡ ಅಕ್ಷರವೂ ಬರುತ್ತಿಲ್ಲ. ಎಲ್ಲಾದರೂ ಬೇರೆ ಕಡೆ ಎತ್ತಿಟ್ಟಿರಬೇಕು. ಎಲ್ಲಿ ನೋಡಬೇಕೆಂದು ಇದೇ ಬಸ್ಸಿಗೆ ಬರೆದು ಕಳಿಸು. ಇನ್ನು ಐದು ದಿನ.

ಹೆಂಗಸರಿಗೆ ಇನ್ನೂ ಹೇಳಿಲ್ಲ.

ಮಧುಶ್ರೀ


ಎಚ್.ಡಿ. ಕೋಟೆ
13 ಅಕ್ಟೋಬರ್ 2003

ಮಧು,

ನಿನ್ನ ಕಾಗದವನ್ನು ಸರ್ ಮುಂದೆ ಇಟ್ಟೆ. ಅವರು ಆ ಒಂದು ಸಾಲು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಳಿಸಿ ಹೋಗಿದೆ ಕಣಯ್ಯ. ಒಳಗಿದ್ದದ್ದೆಲ್ಲ ಹೋಗಿದೆ. ಮೇಲೆ ಹೊಸದು ಬಿದ್ದಿದೆ” ಎಂದರು. ಮೈಸೂರಲ್ಲೋ ಬೆಂಗಳೂರಲ್ಲೋ ಕೆದಕಿ ತೆಗೆಯುವವರು ಇದ್ದಾರಂತೆ. ಮೂರು ದಿನದಲ್ಲಿ ಆಗುವ ಕೆಲಸವಲ್ಲ, ಸಿಗುತ್ತದೆಂಬ ನಂಬಿಕೆಯೂ ಅವರಿಗಿಲ್ಲ. ಆದರೂ ಯಂತ್ರವನ್ನು ಆರಿಸಿಬಿಡು. ಮತ್ತೆ ಹಚ್ಚಬೇಡ.

“ವೈ ಒತ್ತು ಅಂತ ಯಾರು ಹೇಳ್ಕೊಟ್ಟೋರು?” ಎಂದು ಕೇಳಿದರು. ನಾನು ಬಗ್ಗಿ ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸತೊಡಗಿದೆ.

ನನ್ನ ಕೆಲಸ ಅದೇ ಮಧು. ಬೆಳಿಗ್ಗೆ ಬಾಗಿಲು ತೆಗೆಯುತ್ತೇನೆ, ಯಂತ್ರಗಳ ಧೂಳು ಒರೆಸುತ್ತೇನೆ, ಬಂದವರ ಹಾಜರಿ ಹಾಕುತ್ತೇನೆ, ಸಂಜೆ ಬಟ್ಟೆ ಹೊದಿಸಿ ಬೀಗ ಹಾಕುತ್ತೇನೆ. ಕಲಿಸುವುದಿಲ್ಲ. ಕಲಿತೂ ಇಲ್ಲ. ಸೇರಿದ ಹೊಸದರಲ್ಲಿ ಅವ್ವನಿಗೆ ‘ಕಂಪ್ಯೂಟರ್ ಕ್ಲಾಸಿನಲ್ಲಿ ಕೆಲಸ’ ಎಂದು ಬರೆದಿದ್ದೆ. ಅವಳು ಮೇಷ್ಟ್ರು ಮಾಡಿದಳು. ಬೇಡ ಎನ್ನಲು ಮನಸ್ಸು ಬರಲಿಲ್ಲ. ನೀನು ಬರೆದಾಗಲೂ ಬರಲಿಲ್ಲ.

ನೀಲಿ ಕವರ್ ಸರ್ ಕೊಟ್ಟದ್ದು. ಬಿಳಿ ಕವರ್ ನಾನೇ ಡಬ್ಬಿಯಿಂದ ತೆಗೆದುಕೊಂಡೆ. ಯಂತ್ರ ಕೆಟ್ಟಾಗಲೆಲ್ಲ ಸರ್ ಅದನ್ನು ಹಾಕಿ ವೈ, ವೈ ಎಂದು ಒತ್ತುವುದನ್ನು ನೂರು ಸಲ ನೋಡಿದ್ದೇನೆ. ಪ್ರತಿ ಸಲವೂ ಯಂತ್ರ ಹೊಸದಾಗಿ ಏಳುತ್ತಿತ್ತು. ಇಲ್ಲಿನ ಯಂತ್ರಗಳಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಸರ್ ಇನ್ನೊಂದು ಮಾತು ಹೇಳಿದರು. ಒಳಗೆ 98 ಇದ್ದಿದ್ದರೆ ನೀಲಿ ಕವರಿನದು ಮೊದಲ ಸಲಕ್ಕೇ ಕೂರಬೇಕಿತ್ತಂತೆ. ಬಹುಶಃ 95 ಇದ್ದಿರಬೇಕು ಎನ್ನುತ್ತಾರೆ. ನೀನು 98 ಎಂದು ಎಲ್ಲಿ ನೋಡಿದೆ?

ಕಾಂತರಾಜು


ಬೆಟ್ಟದಪುರ
18 ಅಕ್ಟೋಬರ್ 2003

ಕಾಂತಣ್ಣ,

ಕೊಪ್ಪದಲ್ಲಿ ನೋಡಿದೆ.

ಆಯುಧಪೂಜೆ ದಿನ ಮಧ್ಯಾಹ್ನದ ಬಸ್ಸು ಹತ್ತಿ ಕೇರಳದ ಟೀಚರಮ್ಮನ ಮನೆಗೆ ಹೋದೆ. ಅವರು ಯಂತ್ರಕ್ಕೆ ಪೂಜೆ ಮಾಡುವವರಲ್ಲ, ಅವತ್ತೂ ಅದು ನಡೆಯುತ್ತಿತ್ತು. ಒಂದೇ ಆಫೀಸು, ಒಂದೇ ಜೀಪು, ಒಂದೇ ಬೂದಿ ಬಣ್ಣ. ಒಳಗೂ ಒಂದೇ ಇರುತ್ತದೆ ಎಂದುಕೊಂಡೆ. ಬಲಗುಂಡಿ ಒತ್ತಿ, ಚುಕ್ಕೆ ಬಿಡದೆ ಬರೆದುಕೊಂಡು ಬಂದೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಮಂಗಳವಾರದವರೆಗೆ ಕಾದು ನಿಮ್ಮದನ್ನೇ ನೋಡು ಎನ್ನುತ್ತಿದ್ದೆ. ಮೂರು ದಿನ ಉಳಿಸಲು ಹೋದೆ.

ನಮ್ಮ ಯಂತ್ರದಲ್ಲಿ ಯಾವ ವಿಂಡೋಸ್ ಇತ್ತು ಎಂಬುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆರಿಸು ಎಂಬ ನಿನ್ನ ಕಾಗದ ಬರುವ ಮುಂಚೆ ಆ ಚಿತ್ರದ ಮೇಲೆ ಬಲಗುಂಡಿ ಒತ್ತಿ ನೋಡಿದೆ. ವಿಂಡೋಸ್ 98 ಎಂದಿತ್ತು. ನಾನು ಬರೆದ ಸುಳ್ಳು ಈಗ ನಿಜವಾಗಿದೆ.

ಹದಿನಾರಕ್ಕೆ ಹುಣಸೂರಿಗೆ ಹೋದೆ. ‘ಬೆಟ್ಟದಪುರ’ ಎಂದು ಕೂಗಿದರು. ಎದ್ದು ನಿಂತು ಅರವತ್ತೊಂದು ಹೇಳಿಕೆಗಳಿದ್ದವು ಎಂದೆ. ಎಲ್ಲಿ ಎಂದರು. ಯಂತ್ರದಲ್ಲಿದ್ದವು, ಅಳಿಸಿಹೋದವು ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಮಿತಿಯ ಹಿರಿಯರೊಬ್ಬರು ಒಳ್ಳೆಯವರು. “ಹೋಗಲಿ, ನೆನಪಿರೋದು ಹೇಳಮ್ಮ. ಬರ್ಕೋತೀವಿ” ಎಂದರು.

ಬಾಯಿ ತೆರೆದೆ. ಬಂಡವಾಳ, ಶೋಷಣೆ, ಪರದೇಶಿ ಸಿಗರೇಟು ಕಂಪನಿ, ಎಲ್ಲ ಬಂತು. ಹತ್ತು ನಿಮಿಷ ಎಲ್ಲೂ ತಡವರಿಸಲಿಲ್ಲ. ಅವರು ಕೈಯೆತ್ತಿದರು. “ಅದೆಲ್ಲ ಗೊತ್ತಮ್ಮ. ಯಾರಿಗೆ ಏನಾಯ್ತು ಹೇಳು.”

ಹೆಸರು ಹೇಳುವ ಹಾಗಿಲ್ಲ, ಸರಿ. ಹೆಸರಿಲ್ಲದೆಯೂ ಹೇಳಬಹುದಿತ್ತು. ಆದರೆ ಬಸಿರು ಹೋದದ್ದು ಇಪ್ಪತ್ತೆರಡನೇ ನಂಬರಿನವಳಿಗೋ ನಲವತ್ತನೆಯವಳಿಗೋ, ಬೆಳಗಿನ ಮಂಜಿನಲ್ಲಿ ಸೊಪ್ಪಿನ ಮೇಲೇ ಬಿದ್ದವಳು ಎಷ್ಟು ಹೊತ್ತು ಬಿದ್ದಿದ್ದಳು, ಎತ್ತಿದವರು ಯಾರು, ಎಲ್ಲ ಒಂದರೊಳಗೊಂದು ಸೇರಿಹೋಗಿತ್ತು. ಕಂಪ್ಯೂಟರಿನಲ್ಲಿ ಇದೆ ಎಂಬ ಧೈರ್ಯದಲ್ಲಿ ನಾನು ಏನನ್ನೂ ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ. ಕರಪತ್ರ ಬಾಯಿಪಾಠವಾಗಿತ್ತು, ಅವರು ಆಗಿರಲಿಲ್ಲ. ‘ಬೆಟ್ಟದಪುರದಿಂದ ಹೇಳಿಕೆ ಇಲ್ಲ’ ಎಂದು ಬರೆದುಕೊಂಡರು. ಬರೆಯುವುದನ್ನು ನೋಡುತ್ತಾ ನಿಂತಿದ್ದೆ.

ಹೊರಗೆ ಬಂದಾಗ ಷಣ್ಮುಖಪ್ಪನವರು ಜೀಪಿನ ಬಾಗಿಲು ತೆಗೆದು ನಿಂತಿದ್ದರು. “ಹತ್ತವ್ವ, ಊರಿಗೇ ಹೋಗೋದು. ಬಸ್ಸಿಗ್ಯಾಕೆ ಕಾಯ್ತೀಯಾ, ಮುಖ ಬಾಡೋಗದೆ” ಎಂದರು. ಅವರು ಬೈದಿದ್ದರೆ ನಾನೂ ಬೈಯಬಹುದಿತ್ತು. ಅವರ ದನಿಯಲ್ಲಿ ವ್ಯಂಗ್ಯ ಹುಡುಕಿದೆ. ಸಿಗಲಿಲ್ಲ. ಜೀಪು ಹತ್ತಲಿಲ್ಲ, ಅಷ್ಟೇ.

ಈಗ ಅರವತ್ತೊಂದು ಮನೆಗೂ ಹೋಗಿ ಹೇಳಬೇಕು. ನೀನು ಬಾ. ಯಂತ್ರಕ್ಕಲ್ಲ, ಅದು ಮುಗಿಯಿತು. ನಾನು ಕೊಪ್ಪದ್ದನ್ನು ಹೇಳುತ್ತೇನೆ, ನೀನು ನಿನ್ನದನ್ನು ಹೇಳು. ಒಬ್ಬಳೇ ಅರ್ಧ ನಿಜ ಹೊತ್ತುಕೊಂಡು ಬಾಗಿಲು ಬಾಗಿಲಿಗೆ ಹೋಗಲು ನನ್ನಿಂದಾಗದು. ಭಾನುವಾರ ನಿಮಗೆ ರಜೆ ಇರಬೇಕಲ್ಲ. ಇಪ್ಪತ್ತಾರನೇ ತಾರೀಕು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ.

ಮಧುಶ್ರೀ


ಹುಣಸೂರು ಬಸ್ ಸ್ಟ್ಯಾಂಡ್
26 ಅಕ್ಟೋಬರ್ 2003

ಮಧು,

ಇಲ್ಲಿಯವರೆಗೆ ಬಂದೆ. ಬೆಟ್ಟದಪುರದ ಬಸ್ಸಿನಲ್ಲಿ ಕೂತೂ ಆಗಿತ್ತು. ಹಿಂದಿನ ಸೀಟಿನಲ್ಲಿ ನಮ್ಮ ಬೀದಿಯವರು ಮೂವರಿದ್ದರು. ಒಬ್ಬಾಕೆ ಮುಂದೆ ಬಾಗಿ, “ಓ, ಮೇಷ್ಟ್ರು ಬಂದ್ರಲ್ಲಾ! ಸಂಘದ್ ಮಿಸೀನು ಕೆಟ್ಟೋಗದಂತಲ್ಲಪ್ಪಾ, ನೀನ್ ಬಂದ್ ಮ್ಯಾಲೆ ಸರೋಯ್ತದೆ ಬುಡು” ಎಂದರು. ಎದ್ದು ಇಳಿದುಬಿಟ್ಟೆ. ಚಿಕ್ಕಬಸಪ್ಪನವರು ಎರಡು ಸಲ ಕೂಗಿದರು, “ಅತ್ತುತೀಯೋ ಇಲ್ವೋ ಒಂದ್ ಯೋಳಣ್ಣ, ರೈಟ್ ಕೊಡ್ಬೇಕು!” ಕೈಯಾಡಿಸಿ ಹೋಗಿ ಎಂದೆ. ಆಮೇಲೆ ಓಡಿ ಅವರ ಕೈಗೆ ಕೊಡೋಣವೆಂದು ಈ ಕಾಗದ ಬರೆಯಲು ಕೂತೆ. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು. ಮುಂದಿನದಕ್ಕೆ ಕೊಡುತ್ತೇನೆ.

ಇನ್ನೊಂದು ಭಾನುವಾರ ಎಂದು ಬರೆಯಲು ಹೋಗಿ ನಿಲ್ಲಿಸಿದೆ.

ಕಾಂತರಾಜು


ಬೆಟ್ಟದಪುರ
3 ನವೆಂಬರ್ 2003

ಕಾಂತಣ್ಣ,

ಅವತ್ತು ಮೂರು ಬಸ್ಸು ನೋಡಿದೆ. ನಾಲ್ಕನೆಯದರಲ್ಲಿ ನಿನ್ನ ಕಾಗದ ಬಂತು.

ಹದಿನೇಳು ಮನೆ ಆಯಿತು. ಮೊದಲು ಪುಟ್ಟಮಾದಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಒಣಗಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಾ ಕೂತಿದ್ದಳು. ಎಲ್ಲ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಕೊನೆಗೆ, “ಅಂಗಾರೆ ಯಾರೂ ಓದ್ನಿಲ್ವಾ?” ಎಂದಳು. ಇಲ್ಲ ಎಂದೆ. “ನೀನೊಬ್ಳು ಓದಿದ್ಯಲ್ಲ” ಎಂದಳು. ಇನ್ನೊಂದು ಸಲ ಹೇಳುತ್ತೀಯಾ ಅಜ್ಜಿ, ಬರೆದುಕೊಳ್ಳುತ್ತೇನೆ ಎಂದೆ. “ಒಂದ್ಸಲ ಯೋಳಕ್ಕೇ ಮೂವತ್ತೊರ್ಸ ಇಡೀತು ಕಣ್ ಮಗಾ” ಎಂದಳು. ಬೇರೆ ಮನೆಗಳಲ್ಲೂ ಯಾರೂ ಮತ್ತೆ ಹೇಳಲು ಒಪ್ಪಲಿಲ್ಲ. ಒಂದಿಬ್ಬರ ಮುಖದಲ್ಲಿ ನೆಮ್ಮದಿ ಕಂಡಿತು. ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟ.

ಕೊಪ್ಪದ್ದನ್ನು ಎಲ್ಲ ಮನೆಯಲ್ಲೂ ಹೇಳಿದ್ದೇನೆ. ಏನೂ ಮುಚ್ಚಿಟ್ಟಿಲ್ಲ. ಆದರೆ ಎಲ್ಲ ಮನೆಯಲ್ಲೂ ಕೊನೆಗೆ ಒಂದೇ ಪ್ರಶ್ನೆ ಬರುತ್ತದೆ. “ಅದ ಒತ್ತು ಅಂತ ನಿಂಗ್ ಯೋಳ್ದೋರ್ ಯಾರವ್ವ?” ಮೊದಲ ಮನೆಯಲ್ಲಿ ನಿನ್ನ ಹೆಸರು ಬಾಯಿಗೆ ಬಂದೇಬಿಟ್ಟಿತ್ತು. ಗೊತ್ತಿಲ್ಲ ಎಂದೆ. ಒಂದು ಕಡೆ ಹೇಳಿದ ಮೇಲೆ ಎರಡನೇ ಕಡೆ ಬದಲಿಸಲಾಗಲಿಲ್ಲ. ಹದಿನೇಳು ಸಲ ಗೊತ್ತಿಲ್ಲ ಎಂದಿದ್ದೇನೆ. ಗೋಡೆಪತ್ರಿಕೆ ಬರೆದು ಎರಡು ವಾರವಾಯಿತು. ಕೈ ಏಳುತ್ತಿಲ್ಲ.

ಒಂದು ವಿಷಯ ನಿನಗೆ ಹೇಳಬಾರದು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಈಗ ಕಾಪಾಡಲು ಏನೂ ಉಳಿದಿಲ್ಲವಾದ್ದರಿಂದ ಹೇಳುತ್ತೇನೆ. ಮೂವತ್ತಾರನೇ ನಂಬರ್ ದೊಡ್ಡಮ್ಮ, ನಿನ್ನ ಅವ್ವ. ಎರಡು ದಿನ ಕೂತು ಹೇಳಿದಳು. ನಿನಗಿಂತ ಮೊದಲು ಇಬ್ಬರು ಇದ್ದರಂತೆ. ಹಸಿ ಸೊಪ್ಪು ಕಟ್ಟುತ್ತಿದ್ದಾಗಲೇ ಎರಡೂ ಸಲ ಬಸಿರು ಬಿದ್ದದ್ದು. ನಿನ್ನ ಹತ್ತಿರ ಹೇಳಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆದ ಹಾಳೆಯನ್ನು ಅವಳೇ ಒಲೆಗೆ ಹಾಕಿದಳು.

ಇನ್ನು ನಲವತ್ತನಾಲ್ಕು ಮನೆ ಇವೆ. ಶುಕ್ರವಾರ ನಿಮ್ಮ ಬೀದಿಗೆ ಬರುತ್ತೇನೆ. ಅವಳೂ ಅದೇ ಪ್ರಶ್ನೆ ಕೇಳುತ್ತಾಳೆ. ಏನು ಹೇಳಬೇಕೆಂದು ಗುರುವಾರದ ಬಸ್ಸಿಗೆ ಬರೆದು ಕಳಿಸು.

ಮಧುಶ್ರೀ